ಹೋದ ದುಡ್ಡಿನ ಹಿಂದೆ ಹೋಗಬೇಡಿ

ಮಡಂತ್ಯಾರಿನ ನನ್ನ ಮಕ್ಕಳೇ,

ನಿಮ್ಮಲ್ಲಿ ಹಲವರ ಅಪ್ಪ ಅಮ್ಮಂದಿರಿಗೆ ಗಣಿತ ಕಲಿಸಿದವನು ನಾನು. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ. ನೀವೀಗ ಬಿ.ಸಿ.ರೋಡಿಗೋ ಬೆಳ್ತಂಗಡಿಗೋ ಹೋಗುವ ಬಸ್ಸಿನಲ್ಲಿರಬಹುದು, ಮೂಡುಬಿದಿರೆಯ ಹಾಸ್ಟೆಲಿನಲ್ಲಿರಬಹುದು, ಬೆಂಗಳೂರಿನ ಪಿ.ಜಿ.ಯಲ್ಲೋ ಗಲ್ಫಿನ ರೂಮಿನಲ್ಲೋ ಇರಬಹುದು. ಎಲ್ಲಿದ್ದರೂ ಕೈಯಲ್ಲೊಂದು ಫೋನಿದೆ, ಆ ಫೋನಿನೊಳಗೆ ಒಂದು ಜೂಜುಕಟ್ಟೆ ಇದೆ. ರಮ್ಮಿ, ತೀನ್ ಪತ್ತಿ, ಕೆಂಪೋ ಹಸಿರೋ ಎಂದು ಬಣ್ಣ ಹೇಳುವ ಆಟ, ಮೇಲೇರುವ ವಿಮಾನ ಮಾಯವಾಗುವ ಮೊದಲು ಹಣ ಎಳೆದುಕೊಳ್ಳುವ ಆಟ, ಐಪಿಎಲ್ ಬೆಟ್ಟಿಂಗ್, ಚಕ್ರ ತಿರುಗುವ ಕ್ಯಾಸಿನೊ. ಹೆಸರು ಹಲವು, ಮಾಡುವ ಕೆಲಸ ಒಂದೇ.

‘ಆಡಬೇಡಿ’ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಆಡದವರಿಗೆ ಆ ಮಾತು ಬೇಕಿಲ್ಲ, ಆಡುತ್ತಿರುವವರಿಗೆ ಅದು ಸಾಲದು. ಒಳಗೆ ಸಿಕ್ಕಿಕೊಂಡವರು ಹೊರಗೆ ಬರುವುದು ಹೇಗೆ, ಅದಕ್ಕೆ ಯಾರ ಕೈ ಹಿಡಿಯಬೇಕು ಎಂಬುದನ್ನು ಹೇಳುವುದೇ ನನ್ನ ಉದ್ದೇಶ.

ನಮ್ಮ ತುಳುನಾಡಿಗೆ ಜೂಜು ಹೊಸತಲ್ಲ. ಕೋಳಿ ಅಂಕದಲ್ಲಿ ಪಣ ಕಟ್ಟಿದವರು, ಗುಡ್ಡದ ಮರೆಯಲ್ಲಿ ಇಸ್ಪೀಟಿನ ಉಲಾಯಿ ಪಿದಾಯಿ ಆಡಿದವರು, ಗೂಡಂಗಡಿಯ ಹಿಂದೆ ಮಟ್ಕಾ ಚೀಟಿ ಬರೆಸಿದವರು ಎಲ್ಲ ಊರಲ್ಲೂ ಇದ್ದರು. ಅವರಿಂದ ಮನೆಗಳು ಹಾಳಾದದ್ದೂ ನಿಜ; ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆದರೆ ಆ ಆಟಗಳಿಗೆ ತಮ್ಮಷ್ಟಕ್ಕೆ ಬೀಳುವ ಮೂರು ತಡೆಗಳಿದ್ದವು. ಹೊತ್ತು ಮುಳುಗಿದರೆ ಕೋಳಿ ಅಂಕ ಮುಗಿಯುತ್ತಿತ್ತು. ಸೊಂಟದಲ್ಲಿದ್ದ ದುಡ್ಡು ಖಾಲಿಯಾದರೆ ಎದ್ದು ಬರಲೇಬೇಕಿತ್ತು. ಸುತ್ತ ನಿಂತವರಲ್ಲಿ ಒಬ್ಬ ಮಾವನೋ ಬಾವನೋ ನೆರೆಮನೆಯವನೋ ಇದ್ದೇ ಇರುತ್ತಿದ್ದ; ಆಡಿದವನು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತಿತ್ತು. ಹೊತ್ತು, ಕೈಯ ದುಡ್ಡು, ಊರಿನ ಕಣ್ಣು: ಈ ಮೂರೂ ಸೇರಿ ಮನುಷ್ಯನನ್ನು ಎಲ್ಲೋ ಒಂದು ಕಡೆ ನಿಲ್ಲಿಸುತ್ತಿದ್ದವು.

ಫೋನಿನ ಜೂಜು ಈ ಮೂರನ್ನೂ ಕಿತ್ತು ಹಾಕಿದೆ. ಅಲ್ಲಿ ಹೊತ್ತು ಮುಳುಗುವುದಿಲ್ಲ. ರಾತ್ರಿ ಎರಡು ಗಂಟೆಗೂ ಬಾಗಿಲು ತೆರೆದೇ ಇದೆ. ಕೈಯ ದುಡ್ಡು ಮುಗಿಯುವುದಿಲ್ಲ; ಖಾತೆಯಲ್ಲಿದ್ದದ್ದು ತೀರಿದರೆ ಸಾಲದ ಆ್ಯಪ್ ಅದೇ ಪರದೆಯಲ್ಲಿ ಕಾದಿದೆ. ನೋಡುವ ಕಣ್ಣೂ ಇಲ್ಲ. ಅಮ್ಮ ಪಕ್ಕದಲ್ಲೇ ಕೂತು ಬೀಡಿ ಕಟ್ಟುತ್ತಿರುತ್ತಾಳೆ, ಮಗ ಓದುತ್ತಿದ್ದಾನೆಂದೇ ತಿಳಿದಿರುತ್ತಾಳೆ. ನಾನು ಮುಂದೆ ಹೇಳುವ ಉಪಾಯಗಳೆಲ್ಲ ಈ ಮೂರು ತಡೆಗಳನ್ನು ನಮ್ಮ ಕೈಯಾರೆ ಮತ್ತೆ ಕಟ್ಟುವ ಉಪಾಯಗಳೇ.

ಮೊದಲು ಒಂದು ಲೆಕ್ಕ ಮಾಡೋಣ. ಕ್ಯಾಸಿನೊಗಳ ಯುರೋಪ್ ಮಾದರಿಯ ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳಿವೆ. ಒಂದು ಅಂಕಿಗೆ 100 ರೂಪಾಯಿ ಇಟ್ಟು ಅದೇ ಬಿದ್ದರೆ 3,500 ರೂಪಾಯಿ ಗೆಲುವು, ಜೊತೆಗೆ ಇಟ್ಟ 100 ವಾಪಸು. ದೊಡ್ಡದಾಗಿ ಕಾಣುತ್ತದೆ ಅಲ್ಲವೇ? ಈಗ 37 ಮನೆಗಳಿಗೂ ನೂರು ನೂರು ಇಟ್ಟು ನೋಡಿ. ಹಾಕಿದ್ದು 3,700. ಯಾವ ಅಂಕಿ ಬಿದ್ದರೂ ಕೈಗೆ ಬರುವುದು 3,600. ಪ್ರತಿ ಸುತ್ತಿಗೂ 100 ರೂಪಾಯಿ ಜೂಜಿನ ಅಂಗಡಿಯವನಿಗೆ. ನೂರಕ್ಕೆ ಸುಮಾರು 2 ರೂಪಾಯಿ 70 ಪೈಸೆ ಅವನ ಪಾಲು, ಅದೂ ಚಕ್ರ ಪ್ರಾಮಾಣಿಕವಾಗಿ ತಿರುಗಿದರೆ. ನೂರು ನೂರರಂತೆ ಇನ್ನೂರು ಸಲ ಆಡಿದವನು 20,000 ರೂಪಾಯಿಯ ಪಣ ಕಟ್ಟಿರುತ್ತಾನೆ. ಸರಾಸರಿ 540 ರೂಪಾಯಿ ಹೋಗಿರುತ್ತದೆ. ಒಂದು ದಿನ ಗೆಲ್ಲಬಹುದು, ಎರಡು ದಿನ ಗೆಲ್ಲಬಹುದು. ಆಟ ಉದ್ದವಾದಷ್ಟೂ ಲೆಕ್ಕ ಅಂಗಡಿಯವನ ಕಡೆಗೇ ವಾಲುತ್ತದೆ. ಇದಕ್ಕೆ ನಿಮ್ಮ ದುರದೃಷ್ಟ ಕಾರಣವಲ್ಲ, ಆಟವನ್ನು ಕಟ್ಟಿದ್ದೇ ಹಾಗೆ. ಇನ್ನು ಯಾವ ದೇಶದಲ್ಲಿದೆಯೋ ಗೊತ್ತಿಲ್ಲದ ಕಂಪ್ಯೂಟರಿನಲ್ಲಿ ತಿರುಗುವ ಚಕ್ರ ಪ್ರಾಮಾಣಿಕವೇ ಎಂದು ಪರೀಕ್ಷಿಸಲು ನಿಮ್ಮಲ್ಲಿ ಯಾವ ದಾರಿಯೂ ಇಲ್ಲ.

ಹಾಗಿದ್ದರೂ ಬುದ್ಧಿವಂತರೇ ಏಕೆ ಸಿಕ್ಕಿಬೀಳುತ್ತಾರೆ? ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕುಕ್ಕಿದಾಗ ಒಮ್ಮೆ ಕಾಳು ಬಿದ್ದು, ಮುಂದಿನದು ಯಾವಾಗ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಮನುಷ್ಯನ ಮಿದುಳೂ ಈ ಅನಿಶ್ಚಿತ ಗೆಲುವಿಗೆ ಹಾಗೆಯೇ ಸೋಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಜೊತೆಯಲ್ಲೇ ಇರಿಸಲಾಗಿದೆ. ಕಾಯಿಲೆ ಎಂದಮೇಲೆ ಚಿಕಿತ್ಸೆಯೂ ಉಂಟು. ಇದನ್ನು ನೆನಪಿಟ್ಟುಕೊಳ್ಳಿ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿದ್ದೀರಿ. 1430ರಲ್ಲಿ ಕಟ್ಟಿದ ಜೈನ ಬಸದಿ ಅದು. ಗೃಹಸ್ಥನು ಬಿಡಬೇಕೆಂದು ಜೈನ ಧರ್ಮ ಹೇಳುವ ಸಪ್ತವ್ಯಸನಗಳಲ್ಲಿ ಮೊದಲು ಎಣಿಸುವುದೇ ಜೂಜನ್ನು. ಮದ್ಯವೂ ಕಳ್ಳತನವೂ ಆಮೇಲೆ ಬರುತ್ತವೆ. ಮೊದಲ ಸ್ಥಾನ ಅದಕ್ಕೇಕೆ ಎಂಬುದನ್ನು ಜೂಜಿಗೆ ಬಿದ್ದ ಮನೆಗಳನ್ನು ನೋಡಿ ನಾನು ಅರ್ಥಮಾಡಿಕೊಂಡಿದ್ದೇನೆ. ಮೊದಲು ಸುಳ್ಳು ಬರುತ್ತದೆ, ಸುಳ್ಳಿನ ಹಿಂದೆ ಸಾಲ, ಸಾಲದ ಹಿಂದೆ ಅಮ್ಮನ ಕಪಾಟಿಗೆ ಕೈ.

ಯಕ್ಷಗಾನದ ಆಟ, ತಾಳಮದ್ದಳೆಗಳಲ್ಲಿ ಪಾಂಡವರ ಜೂಜಿನ ಕಥೆಯನ್ನು ನೀವು ಕೇಳಿದವರೇ. ಧರ್ಮರಾಯ ಸೋತದ್ದು ಎಲ್ಲರಿಗೂ ನೆನಪಿದೆ. ಅವನು ಎರಡು ಸಲ ಆಡಿದ್ದ ಎಂಬುದು ಅನೇಕರಿಗೆ ನೆನಪಿರುವುದಿಲ್ಲ. ಮೊದಲ ಸಲ ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಂದು ಒಂದೊಂದಾಗಿ ಸೋತ. ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳಿಸಿದ. ಮತ್ತೆ ಕರೆ ಬಂದಾಗ ಅದೇ ಧರ್ಮರಾಯ ತಿರುಗಿ ಬಂದು ಪಗಡೆಯ ಮುಂದೆ ಕೂತ. ಕಾಡು ಸೇರಿದ್ದು ಆ ಎರಡನೆಯ ಆಟದಿಂದ. ಅಪ್ಪ ಅಡಿಕೆ ಮಾರಿ ಒಮ್ಮೆ ಸಾಲ ತೀರಿಸಿದ ಮಾತ್ರಕ್ಕೆ ಮಗನ ಜೂಜು ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೇ?

ಈಗ ಕಾನೂನಿನ ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆಮೇಲೆ ಸಂಸತ್ತೇ ಇಡೀ ದೇಶಕ್ಕೆ ಕಾಯ್ದೆ ಮಾಡಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಆಗ ಕೇಂದ್ರ ಸರಕಾರ ಕೊಟ್ಟ ಅಂದಾಜು. ಈ ಕಾಯ್ದೆ ಆಡುವವನನ್ನು ಅಪರಾಧಿ ಎನ್ನುವುದಿಲ್ಲ, ನೊಂದವನೆಂದು ನೋಡುತ್ತದೆ. ಕಾಯ್ದೆಯನ್ನು ಕಂಪನಿಗಳು ಕೋರ್ಟಿನಲ್ಲಿ ಪ್ರಶ್ನಿಸಿವೆ, ಅದು ಬೇರೆ ಮಾತು. ನಿಮಗೆ ತಿಳಿದಿರಬೇಕಾದದ್ದು ಇಷ್ಟು: ಸಹಾಯ ಕೇಳಲು ಹೋದರೆ ಪೊಲೀಸರು ಹಿಡಿಯುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಳ್ಳಬೇಡಿ.

ಕದ್ದುಮುಚ್ಚಿ ನಡೆಯುವ ವಿದೇಶಿ ಆ್ಯಪ್‌ಗಳು ಇನ್ನೂ ಇವೆ. ಟೆಲಿಗ್ರಾಂನಲ್ಲಿ ಲಿಂಕ್ ಬರುತ್ತದೆ, ಗೆಳೆಯ ಕಳಿಸುತ್ತಾನೆ. ಅಲ್ಲಿ ಗೆದ್ದ ಹಣ ಕೊಡದಿದ್ದರೆ ನೀವು ಎಲ್ಲಿಗೆ ಹೋಗುತ್ತೀರಿ? ಪಣದ ಒಪ್ಪಂದಕ್ಕೆ ಬೆಲೆಯಿಲ್ಲ ಎಂದು 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮು ಹೇಳುತ್ತದೆ; ಯಾವ ಕೋರ್ಟೂ ಅದನ್ನು ವಸೂಲಿ ಮಾಡಿಕೊಡದು. ಇನ್ನೊಂದು ಎಚ್ಚರಿಕೆ: ‘ನಿನ್ನ ಬ್ಯಾಂಕ್ ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುವವರು ಕಾಲೇಜು ಮಕ್ಕಳನ್ನೇ ಹುಡುಕುತ್ತಾರೆ. ಆ ಖಾತೆಯ ಮೂಲಕ ಜೂಜಿನ, ಮೋಸದ ಹಣ ಹರಿಯುತ್ತದೆ. ಪೊಲೀಸರು ಮೊದಲು ಬರುವುದು ಖಾತೆಯಲ್ಲಿ ಹೆಸರಿದ್ದವನ ಮನೆಗೆ. ಆಡಿದವನಿಗೆ ಸಿಗುವ ಕನಿಕರ ಅಲ್ಲಿ ಸಿಗುವುದಿಲ್ಲ.

ಬೇರೆ ದೇಶಗಳು ಏನು ಮಾಡಿವೆ ನೋಡಿ. ಬ್ರಿಟನ್ನಿನಲ್ಲಿ ಆನ್‌ಲೈನ್ ಜೂಜಿಗೆ ಪರವಾನಗಿ ಇದೆ. ಆದರೆ ಆಡುವವನು ತನಗೆ ತಾನೇ ಹಣದ ಮಿತಿ ಹಾಕಿಕೊಳ್ಳಬಹುದು, ಕೆಲವು ದಿನ ಬಿಡುವು ತೆಗೆದುಕೊಳ್ಳಬಹುದು. ಗ್ಯಾಮ್‌ಸ್ಟಾಪ್ ಎಂಬ ಉಚಿತ ವ್ಯವಸ್ಥೆಯಲ್ಲಿ ಹೆಸರು ಬರೆಸಿದರೆ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಪರವಾನಗಿ ಇರುವ ಎಲ್ಲ ಜಾಲತಾಣಗಳೂ ಅವನನ್ನು ಹೊರಗಿಡಬೇಕು. ಮಧ್ಯದಲ್ಲಿ ಮನಸ್ಸು ಬದಲಿಸಿದರೂ ಬಾಗಿಲು ತೆರೆಯುವುದಿಲ್ಲ. 2020ರ ಏಪ್ರಿಲ್‌ನಿಂದ ಅಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ಸಿಂಗಾಪುರದಲ್ಲಿ ಕುಟುಂಬದವರೇ ಅರ್ಜಿ ಕೊಟ್ಟು ತಮ್ಮವರನ್ನು ಕ್ಯಾಸಿನೊಗೆ ಹೋಗದಂತೆ ತಡೆಯಬಹುದು. ನಮ್ಮ ಪಕ್ಕದ ಗೋವಾ 2020ರ ಫೆಬ್ರವರಿಯಿಂದ ಗೋವಾದವರೇ ಕ್ಯಾಸಿನೊಗಳಲ್ಲಿ ಆಡದಂತೆ ನಿರ್ಬಂಧಿಸಿತು. ಕ್ಯಾಸಿನೊ ಹಡಗುಗಳನ್ನು ದಿನಾ ಎದುರಿಗೇ ನೋಡುವ ರಾಜ್ಯ ತನ್ನ ಮಕ್ಕಳನ್ನು ಅವುಗಳಿಂದ ದೂರವಿಡುತ್ತದೆಂದರೆ ನಾವು ಯೋಚಿಸಬೇಕು.

ನಿಮ್ಮ ಫೋನಿಗೆ ಬರುವ ಕಳ್ಳ ಆ್ಯಪ್ ಇಂಥ ಯಾವ ಮಿತಿಯನ್ನೂ ಹಾಕುವುದಿಲ್ಲ. ‘ಜವಾಬ್ದಾರಿಯಿಂದ ಆಡಿ’ ಎಂಬ ಸಾಲು ಅಡಿಯಲ್ಲಿ ಬರೆದಿದ್ದರೂ ಅದನ್ನು ಪಾಲಿಸುವಂತೆ ಮಾಡುವ ಅಧಿಕಾರಿ ಯಾರೂ ಇಲ್ಲ. ಆದ್ದರಿಂದ ತಡೆಯನ್ನು ನಾವೇ ಕಟ್ಟಬೇಕು.

ಈಗ ಆಡುತ್ತಿರುವ ಮಗನೇ, ಮಗಳೇ, ನಿನ್ನೊಬ್ಬನೊಡನೆ, ನಿನ್ನೊಬ್ಬಳೊಡನೆ ಮಾತಾಡುತ್ತೇನೆ. ಆಪ್ತಸಮಾಲೋಚಕರು ಕೇಳುವ ಎರಡು ಪ್ರಶ್ನೆಗಳಿವೆ. ಪಣದ ಹಣವನ್ನು ಹೆಚ್ಚಿಸುತ್ತಲೇ ಹೋಗಬೇಕೆಂದು ನಿನಗೆ ಅನ್ನಿಸಿದೆಯೇ? ಎಷ್ಟು ಆಡಿದ್ದೇನೆಂಬುದರ ಬಗ್ಗೆ ನಿನಗೆ ಬೇಕಾದವರ ಬಳಿ ಸುಳ್ಳು ಹೇಳಿದ್ದೀಯಾ? ಎರಡರಲ್ಲಿ ಒಂದಕ್ಕೆ ‘ಹೌದು’ ಎಂದರೂ ಸಾಕು, ಸಹಾಯ ಕೇಳುವ ಹೊತ್ತು ಬಂದಿದೆ.

ಮೊದಲ ಕೆಲಸ, ಒಬ್ಬರಿಗೆ ನಿಜ ಹೇಳು. ಅಕ್ಕನಿಗೆ, ದೊಡ್ಡಪ್ಪನಿಗೆ, ಅತ್ತಿಗೆಗೆ, ನಿನ್ನ ಮೇಷ್ಟ್ರಿಗೆ, ಚರ್ಚಿನ ಫಾದರಿಗೆ, ಮಸೀದಿಯ ಉಸ್ತಾದರಿಗೆ. ಯಾರಾದರೂ ಸರಿ, ಕೂಗಾಡದೆ ಕೇಳುವವರಾಗಿರಲಿ. ಸಾಲದ ಮೊತ್ತವನ್ನು ಪೂರ್ತಿ ಹೇಳು. ಅರ್ಧ ಮುಚ್ಚಿಟ್ಟರೆ ಆ ಅರ್ಧವನ್ನು ತೀರಿಸಲು ಮತ್ತೆ ಆಟಕ್ಕೇ ಹೋಗುತ್ತೀಯ. ಊರಿನ ಕಣ್ಣು ಕಳೆದುಹೋಗಿದೆ ಎಂದೆನಲ್ಲ, ಆ ಜಾಗಕ್ಕೆ ಇವರೊಬ್ಬರ ಕಣ್ಣು ಬರಲಿ.

ಎರಡನೆಯದು, ದುಡ್ಡಿನ ಬಾಗಿಲು ಮುಚ್ಚು. ಮನಸ್ಸು ಶಾಂತವಾಗಿರುವ ಬೆಳಗಿನ ಹೊತ್ತಿನಲ್ಲಿ ಮಾಡು, ಆಸೆ ಹತ್ತಿದ ರಾತ್ರಿಯಲ್ಲಿ ಆಗದು. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆಗಳನ್ನು ನಾವೇ ಬಂದ್ ಮಾಡುವ, ಮಿತಿ ಹಾಕುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲೇ ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲವೇ ಶಾಖೆಯ ಕೌಂಟರಿನಲ್ಲಿ ಅದನ್ನು ಮಾಡಿಸು. ಯುಪಿಐ ಮಿತಿಯನ್ನು ದಿನದ ಖರ್ಚಿಗೆ ಸಾಕಾಗುವಷ್ಟಕ್ಕೆ ಇಳಿಸು; ದೊಡ್ಡ ಖಾತೆಯನ್ನು ಯುಪಿಐಯಿಂದ ತೆಗೆದುಹಾಕು. ಸಂಬಳ ಬಂದ ದಿನವೇ ಬಹುಪಾಲನ್ನು ಇಬ್ಬರ ಸಹಿ ಬೇಕಾದ ಜಂಟಿ ಖಾತೆಗೆ ಹಾಕು. ಒಬ್ಬನ ಬೆರಳಿನಿಂದ ಹಣ ಹೋಗಬಾರದು.

ಮೂರನೆಯದು, ಹೊತ್ತಿಗೆ ಬೇಲಿ ಹಾಕು. ಆ್ಯಪ್ ಅಳಿಸಿದರೆ ಸಾಲದು. ಖಾತೆಯನ್ನೂ ಮುಚ್ಚು, ಲಿಂಕ್ ಕಳಿಸುವ ಗುಂಪುಗಳಿಂದ ಹೊರಗೆ ಬಾ. ಜೂಜಿನ ತಾಣಗಳನ್ನು ತಡೆಯುವ ಬೆಟ್‌ಬ್ಲಾಕರ್ ಎಂಬ ಆ್ಯಪ್ ಇದೆ, ಹಣ ಕೊಡಬೇಕಾಗಿಲ್ಲ. ಫೋನ್ ರಾತ್ರಿ ಚಾವಡಿಯಲ್ಲಿರಲಿ, ಮಲಗುವ ಕೋಣೆಗೆ ಬೇಡ. ಆಡಬೇಕೆಂಬ ಸೆಳೆತ ಬಂದಾಗ ಎದ್ದು ಹೊರಗೆ ಹೋಗು, ಯಾರೊಡನಾದರೂ ಮಾತಾಡು. ಸೆಳೆತ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅಷ್ಟು ಹೊತ್ತನ್ನು ದಾಟಿಸಿದರೆ ಸಾಕು.

ನಾಲ್ಕನೆಯದು, ವೈದ್ಯರ ಬಳಿ ಹೋಗು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸೇವೆಯವರು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಅದು. ಬೆಳ್ತಂಗಡಿ, ಬಂಟ್ವಾಳಗಳ ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಹೇಳಿದರೆ ಮನೋವೈದ್ಯರ ದಾರಿ ತೋರಿಸುತ್ತಾರೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇದೆ. ಮೊಬೈಲು, ಅಂತರ್ಜಾಲಗಳ ಗೀಳಿಗಾಗಿ 2014ರಿಂದ ಕೆಲಸ ಮಾಡುತ್ತಿದೆ. ಆ್ಯಪ್‌ನವರು ಮೋಸದಿಂದ ಹಣ ಎಳೆದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸು. ಸಾಲದ ಆ್ಯಪ್‌ನವರು ಫೋಟೊ ಹರಡುತ್ತೇವೆಂದು ಬೆದರಿಸಿದರೆ ಹೆದರಿ ಇನ್ನೊಂದು ಸಾಲ ಮಾಡಬೇಡ, ಪೊಲೀಸ್ ಠಾಣೆಗೆ ಹೋಗು. ಬಲವಂತದ ಸಾಲ ವಸೂಲಿಯನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂದಿದೆ.

ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ಕ್ಷಣವೇ 14416ಕ್ಕೆ ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡು, ಒಬ್ಬನೇ ಇರಬೇಡ. ಸಾಲ ಎಷ್ಟೇ ಇರಲಿ, ಅದನ್ನು ಕಂತು ಮಾಡಿ ತೀರಿಸಬಹುದು. ನಿನ್ನನ್ನು ಕಳೆದುಕೊಂಡ ಮನೆಗೆ ನಿನ್ನನ್ನು ಯಾರೂ ಹಿಂದಿರುಗಿಸಲಾರರು.

ಮನೆಯ ಹಿರಿಯರೇ, ನಿಮಗೂ ಒಂದು ಮಾತು. ಮಗ ನಿಜ ಹೇಳಿದ ದಿನ ಹೊಡೆಯಬೇಡಿ, ನೆಂಟರೆದುರು ಮಾನ ಕಳೆಯಬೇಡಿ. ಹಾಗೆ ಮಾಡಿದರೆ ಅವನು ಇನ್ನೊಮ್ಮೆ ನಿಜ ಹೇಳಲಾರ. ತೋಟ ಅಡವಿಟ್ಟು ಸಾಲವನ್ನೆಲ್ಲ ಒಮ್ಮೆಗೇ ಗುಟ್ಟಾಗಿ ತೀರಿಸಲೂ ಹೋಗಬೇಡಿ. ಲೆಕ್ಕ ಬರೆಯಿರಿ, ಅವನ ದುಡಿಮೆಯಿಂದಲೇ ಕಂತು ಹೋಗಲಿ, ಹಣದ ಕೀಲಿ ಕೆಲವು ಕಾಲ ನಿಮ್ಮಲ್ಲಿರಲಿ. ಮತ್ತೊಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಕೈಬಿಡಬೇಡಿ. ಈ ಕಾಯಿಲೆಯಲ್ಲಿ ಜಾರುವುದುಂಟು, ಎದ್ದು ನಿಲ್ಲುವುದೂ ಉಂಟು.

ನಮ್ಮ ತಾಲೂಕಿಗೆ ವ್ಯಸನ ಬಿಡಿಸುವುದರಲ್ಲಿ ಅನುಭವವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೇ ಮೊದಲಾಯಿತು. ಅದರ ಜೊತೆಗಿರುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆದಿವೆ. ಕುಡಿತ ಬಿಟ್ಟವರು ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರನ್ನೊಬ್ಬರು ಎತ್ತಿ ಹಿಡಿಯುತ್ತಾರೆ. ವ್ಯಸನವನ್ನು ಒಬ್ಬನೇ ಬಿಡುವುದು ಕಷ್ಟ, ಜೊತೆಗೂಡಿ ಬಿಡಬಹುದು ಎಂದು ಅವು ನಮಗೆ ತೋರಿಸಿಕೊಟ್ಟಿವೆ. ಮೊಬೈಲ್ ಜೂಜಿಗೂ ಅಂಥದೇ ಸಂಗ ಬೇಕು. ನಮ್ಮ ಯುವಕ ಮಂಡಲಗಳು, ಕಾಲೇಜಿನ ಎನ್ನೆಸ್ಸೆಸ್ ಘಟಕಗಳು, ಚರ್ಚಿನ ಯುವಜನ ಸಂಘಗಳು, ಮಹಿಳೆಯರ ಸ್ವಸಹಾಯ ಗುಂಪುಗಳು ಇದನ್ನು ಕೈಗೆತ್ತಿಕೊಳ್ಳಲಿ. ನಾಚಿಕೆಯಿಲ್ಲದೆ ಮಾತಾಡಲು ತಿಂಗಳಿಗೊಂದು ಸಂಜೆ ಸಿಕ್ಕರೂ ಎಷ್ಟೋ ಮನೆ ಉಳಿಯುತ್ತದೆ.

ಮಕ್ಕಳೇ, ಸೋತ ಹಣವನ್ನು ಮರಳಿ ಗೆಲ್ಲಬೇಕೆಂಬ ಆಸೆಯೇ ಈ ಜೂಜಿನ ಬಲೆ. ಹತ್ತು ಸಾವಿರ ಹೋದಾಗ ನಿಲ್ಲಿಸಿದವನಿಗೆ ಹತ್ತು ಸಾವಿರದ ನಷ್ಟ; ಅದನ್ನು ಹಿಂದಕ್ಕೆ ತರಲು ಹೊರಟವನಿಗೆ ಲಕ್ಷದ್ದು. ಹೋದದ್ದು ಹೋಯಿತು ಎಂದು ಒಪ್ಪಿಕೊಳ್ಳುವುದು ಸೋಲಲ್ಲ, ಅಲ್ಲಿಂದಲೇ ಗುಣವಾಗುವುದು ಶುರು. ಇದನ್ನು ಓದಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಇವತ್ತೇ, ಮಲಗುವ ಮೊದಲು, ನಂಬಿಕೆಯವರ ಬಳಿ ಕೂತು ಪೂರ್ತಿ ಲೆಕ್ಕ ಹೇಳಿಬಿಡಿ. ಹೇಳಲು ಮನೆಯಲ್ಲಿ ಯಾರೂ ಇಲ್ಲವೆನಿಸಿದರೆ 14416 ಇದೆ. ಇಂದಿನ ಕೆಲಸವನ್ನು ನಾಳೆಗಿಡಬೇಡಿ.